ನೂರೆಂಬತ್ತು ಗ್ರಾಮಿನ ರೇನ್‌ಕೋಟು

ನಮ್ಮ ಭಾವನವರ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಮೊದಲನೆಯವಳು ಅವರ ಸ್ವಂತ ತಂಗಿ, ಅಂದರೆ ನನ್ನ ಹೆಂಡತಿ. ನಾನು ಹೇಳುವುದು ಇಷ್ಟೇ: ರೇನ್‌ಕೋಟು ಕೊಳ್ಳಲು ತಕ್ಕಡಿ ತೆಗೆದುಕೊಂಡು ಹೋಗುವ ಮನುಷ್ಯ ನಮ್ಮ ಲೋಕಲ್ ಗಾಡಿಯ ದಾರಿಯಲ್ಲಿ ಠಾಣೆಯಿಂದ ಕಲ್ಯಾಣದವರೆಗೆ ಇನ್ನೊಬ್ಬ ಸಿಕ್ಕಿದರೆ ದಯವಿಟ್ಟು ನನಗೆ ತಿಳಿಸಿ. ಇಬ್ಬರನ್ನೂ ಪರಿಚಯ ಮಾಡಿಸಿ ನಾನು ಪಾರಾಗುತ್ತೇನೆ!

ಉಡುಪಿಯಿಂದ ಬಂದ ಈ ಭಾವ ಇರುವುದು ಸಾನಪಾಡಾದಲ್ಲಿ, ಒಬ್ಬರೇ. ಶಿಪ್ಪಿಂಗ್ ಕಂಪನಿಯ ಗುಮಾಸ್ತಿಕೆಯಿಂದ ನಿವೃತ್ತರಾಗಿ, ಉಳಿದವರೆಲ್ಲ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಕೂರುವ ವಯಸ್ಸಿನಲ್ಲಿ, ಬೆನ್ನಿಗೆ ಚೀಲ ಹಾಕಿಕೊಂಡು ಮಳೆಗಾಲದ ಸಹ್ಯಾದ್ರಿಯಲ್ಲಿ ದಿನಗಟ್ಟಲೆ ನಡೆಯುವ ಹುಚ್ಚು ಹಿಡಿಸಿಕೊಂಡರು. ಚೀಲ ಮಾತ್ರ ಹೂವಿನಷ್ಟು ಹಗುರ ಇರಬೇಕು. ಅದಕ್ಕಾಗಿ ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೇ ಕತ್ತರಿಸಿದ್ದಾರೆ!

“ಭಾವ, ಹೊಟ್ಟೆಯಿಂದ ಎರಡು ಕಿಲೋ ಇಳಿಸಿದ್ದರೆ ಪಾಪದ ಬ್ರಷ್ಷು ಉಳಿಯುತ್ತಿತ್ತಲ್ಲ?” ಎಂದೆ.

“ಹೊಟ್ಟೆ ನನ್ನನ್ನು ಹೊತ್ತುಕೊಂಡು ಹೋಗ್ತದೆ ಭಾವ. ಬ್ರಷ್ಷನ್ನು ನಾನು ಹೊರಬೇಕು.”

(ನಮ್ಮ ಕಡೆ ಹಾಗೆಯೇ. ಅವರು ನನಗೆ ಭಾವ, ನಾನೂ ಅವರಿಗೆ ಭಾವ.)

ಕಲ್ಯಾಣ್ ಸ್ಟೇಷನ್ನಿನ ಹತ್ತಿರದ ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋಗಿದ್ದರು. ಜೋಳಿಗೆಯಿಂದ ಅಡಿಗೆಮನೆಯ ತಕ್ಕಡಿ ತೆಗೆದು ಕೌಂಟರಿನ ಮೇಲಿಟ್ಟರು. ಒಂದು ಕೋಟು ನೂರೆಂಬತ್ತು ಗ್ರಾಂ, ಇನ್ನೊಂದು ಇನ್ನೂರ ಹತ್ತು, ಮತ್ತೊಂದನ್ನು ತೂಗುವ ಮೊದಲೇ “ಛೆ, ಇದು ಕಂಬಳಿ ಮಾರಾಯ್ರೆ” ಎಂದು ಆಚೆ ಸರಿಸಿದರು. ಹದಿನಾಲ್ಕನೆಯ ಕೋಟು ತಕ್ಕಡಿ ಏರಿದಾಗ ಅಂಗಡಿಯವನು ಕೈಮುಗಿದ: “ಅಂಕಲ್, ರೇನ್‌ಕೋಟ್ ಲೇನಾ ಹೈ ಯಾ ಕಾಂದಾ-ಬಟಾಟಾ?” ಈರುಳ್ಳಿ-ಬಟಾಟೆ ಕೊಳ್ಳಲು ಬಂದವರೆಂದೇ ಅವನಿಗೆ ಅನುಮಾನ!

ನೂರೆಂಬತ್ತು ಗ್ರಾಮಿನದ್ದು ಗೆದ್ದಿತು. ಗೆದ್ದರಾಯಿತೆ? ಪರೀಕ್ಷೆ ಆಗಬೇಡವೆ? ಠಾಕುರ್ಲಿಯ ನಮ್ಮ ಮನೆಗೇ ಬಂದು, ಜೇಬುಗಳಿಗೆಲ್ಲ ಪೇಪರಿನ ತುಂಡು ತುರುಕಿಕೊಂಡು, ಕೋಟು ಹಾಕಿ ಶವರಿನ ಕೆಳಗೆ ನಿಂತರು. ಹೊರಗೆ ನನ್ನ ಹೆಂಡತಿ ಬಾಗಿಲು ಬಡಿಯುತ್ತಿದ್ದಳು: “ಅಣ್ಣಾ, ಎಂಟು ಗಂಟೆಗೆ ನೀರು ಹೋಗ್ತದೆ! ಪಾತ್ರೆ ಹಾಗೇ ಬಿದ್ದಿದೆ!” ಅರ್ಧ ಗಂಟೆಯ ಮೇಲೆ ಹೊರಗೆ ಬಂದು ಗಂಭೀರವಾಗಿ ವರದಿ ಕೊಟ್ಟರು. ಬಲ ಜೇಬು ಒಣಗಿದಂತೆಯೇ ಇತ್ತು. ಎಡ ಜೇಬಿನಲ್ಲಿದ್ದ ರಾಶಿಭವಿಷ್ಯ ಒದ್ದೆ. “ಪ್ರಯಾಣದಲ್ಲಿ ಎಚ್ಚರ” ಎಂಬುದು ಮಾತ್ರ ಓದಲು ಬರುತ್ತಿತ್ತಂತೆ!

ಆಮೇಲೆ ಬೆವರಿನ ಪರೀಕ್ಷೆ. ಅದೇ ಕೋಟಿನಲ್ಲಿ ನಮ್ಮ ಬಿಲ್ಡಿಂಗಿನ ಒಂಬತ್ತು ಮಾಳಿಗೆಯನ್ನು ಮೂರು ಸಲ ಹತ್ತಿ ಇಳಿದರು. ಬಂದು ಕೋಟು ಬಿಚ್ಚಿದರೆ ಅಂಗಿಯನ್ನು ಹಿಂಡಬಹುದಿತ್ತು.

“ಮಳೆ ಬಂತಾ ಅಣ್ಣ?” ಎಂದಳು ಇವಳು.

“ಬಂತು. ಒಳಗಿಂದ.”

ಇದಕ್ಕೆ ಪರಿಹಾರವಾಗಿ ಭಿವಂಡಿಯಿಂದ ತೆಳು ನೈಲಾನ್ ಬಟ್ಟೆ ತಂದು, ಡೊಂಬಿವಲಿಯ ದರ್ಜಿಯ ತಲೆ ತಿಂದು, ಚೀಲವನ್ನೂ ಸೇರಿಸಿ ಮುಚ್ಚುವ, ಪೊಂಚೋ ಎಂಬ ತೋಳಿಲ್ಲದ ಮಳೆಮುಸುಕು ಹೊಲಿಸಿದರು. ಕಿತ್ತಳೆ ಬಣ್ಣದ್ದು. ಗಾಳಿ ಆಡುತ್ತದೆ ಎಂಬುದು ಅದರ ಹೆಗ್ಗಳಿಕೆ. ನಿಜ, ಆಡಿತು! ಠಾಣೆ ಸ್ಟೇಷನ್ನಿನಲ್ಲಿ ಫಾಸ್ಟ್ ಲೋಕಲ್ ನುಗ್ಗಿದ ರಭಸಕ್ಕೆ ಅದು ಎದ್ದು ಪಕ್ಕದ ಮೀನುಬುಟ್ಟಿಯ ಹೆಂಗಸನ್ನು ಬುಟ್ಟಿಸಮೇತ ಮುಚ್ಚಿಬಿಟ್ಟಿತು. “ಅಹೋ, ತುಮಚಾ ಮಂಡಪ ಕಾಢಾ!” ಮಂಡಪ ತೆಗೆಯಿರಿ ಎಂದು ಒಳಗಿನಿಂದ ಕೂಗು. ಶುದ್ಧ ಶಾಕಾಹಾರಿ ಭಾವ ಮನೆಗೆ ಮರಳಲು ವಾಶಿಗೆ ಹೋಗುವ ಗಾಡಿಯಲ್ಲಿ ಕೂತರೆ ಮೀನಿನ ವಾಸನೆಗೆ ಅಕ್ಕಪಕ್ಕದ ಸೀಟು ತಾನಾಗಿ ಖಾಲಿಯಾಯಿತು.

ಇಷ್ಟೆಲ್ಲ ನಗುತ್ತ ಹೇಳುತ್ತಿದ್ದೇನೆ. ಆದರೆ ಹಿಂದಿನ ವರ್ಷ ನನ್ನ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಮನೆಗೆ ಬಂದವನಿಗೆ ಹೊಸ್ತಿಲು ದಾಟಲೂ ಹೆದರಿಕೆ. ಕೈ ಸದಾ ನಾಡಿಯ ಮೇಲೆ. ಆಗ ಈ ಭಾವ ದಿನಾ ಬೆಳಿಗ್ಗೆ ಠಾಣೆಯಲ್ಲಿ ಗಾಡಿ ಬದಲಿಸಿ ಸಾನಪಾಡಾದಿಂದ ಬರುತ್ತಿದ್ದರು. ಮೊದಲ ದಿನ ಲಿಫ್ಟಿನವರೆಗೆ ನಡೆಸಿದರು. ಆಮೇಲೆ ಗೇಟು, ಆಮೇಲೆ ಸ್ಟೇಷನ್ನು, ಐದು ತಿಂಗಳಾದ ಮೇಲೆ ಡೊಂಬಿವಲಿ. ದಾರಿಯುದ್ದಕ್ಕೂ ರೇನ್‌ಕೋಟಿನ ಹೊಲಿಗೆ, ಜಿಪ್ಪು, ಟೋಪಿ ಇದೇ ಮಾತು. ಅವರ ಜೊತೆ ಜಗಳವಾಡುವ ಗಲಾಟೆಯಲ್ಲಿ ನಾಡಿ ಎಣಿಸುವುದನ್ನು ನಾನು ಯಾವತ್ತು ಮರೆತೆನೋ ನನಗೇ ಗೊತ್ತಿಲ್ಲ.

ಈ ಜುಲೈಯಲ್ಲಿ ಡಾಕ್ಟರ ಒಪ್ಪಿಗೆ ಪಡೆದು ಅವರ ಜೊತೆ ಭೀಮಾಶಂಕರದ ಕಡೆಗೆ ಎರಡು ದಿನದ ನಡಿಗೆಗೆ ಹೊರಟೆ. ಗೆದ್ದ ಕೋಟು ನನಗೆ, ಮಂಡಪ ಅವರಿಗೆ. ಎರಡನೆಯ ದಿನ ಮಧ್ಯಾಹ್ನ, ಮರವೇ ಇಲ್ಲದ ಬಯಲಿನಲ್ಲಿ, ಗಾಳಿಮಳೆ ಅಡ್ಡಕ್ಕೆ ಹೊಡೆಯತೊಡಗಿತು. ಗಂಟೆಯೊಳಗೆ ಒಳಬನಿಯನ್ನಿನವರೆಗೆ ನೆನೆದೆ.

“ಭಾವ, ನಿಮ್ಮ ಕೋಟು ಸೋತಿತು!”

“ಎಲ್ಲ ಕೋಟೂ ಸೋಲ್ತದೆ ಭಾವ. ಈ ಮಳೆಗೆ ಸೋಲದ ಕೋಟು ಇನ್ನೂ ಹುಟ್ಟಲಿಲ್ಲ. ಒದ್ದೆಯಾದರೆ ಅಡ್ಡಿಯಿಲ್ಲ, ನಿಲ್ಲಬೇಡಿ.”

ಆದರೆ ನಾನು ನಿಂತೆ. ಹಲ್ಲು ಕಟಕಟ ಅನ್ನುತ್ತಿತ್ತು. ಬೆರಳಿಗೆ ಜಿಪ್ಪು ಸಿಗಲಿಲ್ಲ. ಏನೋ ಹೇಳಲು ಹೋದರೆ ನಾಲಿಗೆ ತೊದಲಿತು. ಭಾವ ಒಂದು ಸಲ ಮುಖ ನೋಡಿದರು. ರಟ್ಟೆ ಹಿಡಿದು ಹತ್ತಿರದ ಪಾಳು ಕೊಟ್ಟಿಗೆಯೊಳಗೆ ನನ್ನನ್ನು ದೂಡಿದರು. ತಮ್ಮ ಚೀಲದ ತಳದಿಂದ, ಎರಡು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಗಂಟು ತೆಗೆದರು. ನನ್ನದೇ ಉಣ್ಣೆಯ ಸ್ವೆಟರು, ನನ್ನದೇ ಪ್ಯಾಂಟು, ಮಂಕಿಕ್ಯಾಪು, ಕಾಲುಚೀಲ! ಹೊರಡುವ ಮೊದಲೇ ತಂಗಿಯಿಂದ ಗುಟ್ಟಾಗಿ ಇಸಿದುಕೊಂಡಿದ್ದರಂತೆ. ಮಗುವಿಗೆ ತೊಡಿಸುವ ಹಾಗೆ ಒಂದೊಂದಾಗಿ ತೊಡಿಸಿ, ಅಂಗೈ ತಿಕ್ಕಿದರು.

“ನಿಮ್ಮದು?” ಎಂದೆ.

“ನನ್ನದು ಉಷ್ಣದ ಶರೀರ. ಎಂತ ಬೇಡ.”

ಬಾಯಿ ತೆರೆದ ಅವರ ಚೀಲ ನನ್ನ ಎದುರಿಗೇ ಇತ್ತು. ಅದರಲ್ಲಿ ಬೇರೆ ಒಣಬಟ್ಟೆ ಒಂದೂ ಇರಲಿಲ್ಲ. ಅವರು ಗಾಳಿ ಬರುವ ಕಡೆಗೆ ಬೆನ್ನು ಕೊಟ್ಟು ನನಗೆ ಅಡ್ಡವಾಗಿ ಕೂತು, ಜಿಪ್ಪಿಗಿಂತ ಗುಂಡಿ ಯಾಕೆ ಒಳ್ಳೆಯದು ಎಂದು ವಿವರಿಸತೊಡಗಿದರು. ಅವರ ತುಟಿ ನೀಲಿಯಾಗಿತ್ತು. ಮಾತು ನಡುಗುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ “ಹೌದು ಭಾವ, ಗುಂಡಿಯೇ ಒಳ್ಳೆಯದು” ಎಂದೆ.

ಮಳೆ ಇಳಿದ ಮೇಲೆ ಕೆಳಗಿನ ಹಳ್ಳಿ ಮುಟ್ಟಿದೆವು. ಒಬ್ಬ ಮುದುಕಿ ಒಲೆಯ ಮುಂದೆ ಕೂರಿಸಿ ಚಹಾ ಕೊಟ್ಟಳು. ಭಾವ ಅವಳ ಕೌದಿ ಹೊದ್ದು, ಗೋಡೆಗೆ ಒರಗಿ, ಲೋಟ ಕೈಯಲ್ಲಿರುವಾಗಲೇ ನಿದ್ದೆಹೋದರು. ನಾನು ಲೋಟ ತೆಗೆದಿಟ್ಟು, ಅವರ ಅಂಗಿ ಹಿಂಡಿ, ಒಲೆಯ ಮುಂದೆ ಹಿಡಿದುಕೊಂಡು ಕೂತೆ.

“ಯಾರು ಇವರು? ನಿಮ್ಮ ಅಣ್ಣನಾ?” ಎಂದು ಮುದುಕಿ ಮರಾಠಿಯಲ್ಲಿ ಕೇಳಿದಳು.

ಹೆಂಡತಿಯ ಅಣ್ಣ ಎನ್ನಬೇಕಿತ್ತು. “ಹೌದು, ನನ್ನ ಅಣ್ಣ” ಎಂದೆ. ಅಂಗಿಯ ಒಂದು ತೋಳು ಒಣಗಿತ್ತು. ಇನ್ನೊಂದನ್ನು ಬೆಂಕಿಯ ಕಡೆಗೆ ತಿರುಗಿಸಿದೆ.