ವಾಮದೇವಪ್ಪನ ಸರ್ಕಾರ ಸಣ್ಣದಾದದ್ದು

ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ಹೆಂಡತಿ ಕಸ್ತೂರಮ್ಮ ನನ್ನ ಭಾಷಣವನ್ನು ಪೂರ್ತಿ ಕೇಳಿದ್ದು ಒಂದೇ ಸಲ. ಆ ಒಂದು ಸಲವೇ ನನಗೆ ಮುಳುವಾಯಿತು.

ನಾನು, ವಾಮದೇವಪ್ಪ, ದಾವಣಗೆರೆಯಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು. ತೊಂಬತ್ತೆಂಟರ ಜೂನ್‌ನಲ್ಲಿ, ಕೇಂದ್ರ ಬಜೆಟ್ ಬಂದ ವಾರ, ಹರಿಹರದ ವರ್ತಕರ ಸಂಘದ ಕೊಟ್ಟೂರಪ್ಪನವರು ನನ್ನನ್ನು ಉಪನ್ಯಾಸಕ್ಕೆ ಕರೆದರು. ಹಿಂದಿನ ದಿನ ವಿನೋಬನಗರದ ನಮ್ಮ ಪಡಸಾಲೆಯಲ್ಲಿ ತಾಲೀಮು ನಡೆಸಿದೆ. ಕಸ್ತೂರಮ್ಮ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು.

“ಸರ್ಕಾರ ಗಡಿ ಕಾಯಬೇಕು, ನ್ಯಾಯ ಹೇಳಬೇಕು, ರಸ್ತೆ ನೋಡಿಕೊಳ್ಳಬೇಕು. ಪ್ರಜೆಗಳ ಪ್ರತಿ ಕೆಲಸಕ್ಕೂ ಅಪ್ಪಣೆ ಚೀಟಿ ಕೇಳಕೂಡದು! ಬಂದಷ್ಟರಲ್ಲೇ ಖರ್ಚು! ಇಂದಿನ ಸಾಲ ನಾಳೆ ಮಕ್ಕಳ ತಲೆಯ ಮೇಲಿನ ಹೊರೆ!”

“ಭಾಳ ಚಲೋ ಐತ್ರಿ,” ಎಂದಳು. ನನ್ನ ಎದೆ ಉಬ್ಬಿತು. “ಹಂಗಾರೆ ಆಶಾರಾಣಿ ಅರ್ಜಿ ಯಾಕ ಹದಿನೈದು ದಿನದಿಂದ ನಿಮ್ಮ ಮೇಜಿನ ಮ್ಯಾಲೆ ಬಿದ್ದೈತೆ?”

ಎದೆ ಇಳಿಯಿತು. ನಮ್ಮ ಮನೆಯಲ್ಲಿ ಫೋನ್ ಮಾಡಲು ನನ್ನ ಅನುಮತಿ ಬೇಕಿತ್ತು, ಫ್ಯಾನನ್ನು ಮೂರಕ್ಕೆ ಏರಿಸಲೂ ಬೇಕಿತ್ತು. (ಒಗ್ಗರಣೆಗೆ ಇಂಗು ಹಾಕಲು ಮಾತ್ರ ವಿನಾಯಿತಿ.) ಮಗಳ ಬಿ.ಎಸ್ಸಿ. ಅರ್ಜಿಯೂ ನನ್ನ ರುಜುವಿಗೆ ಕಾದಿತ್ತು.

“ಪರಿಶೀಲನೆಯಲ್ಲಿದೆ,” ಎಂದೆ.

“ನಾಳಿಗೆ ಕಡೇ ದಿನ ಅಪ್ಪಾಜಿ,” ಎಂದಳು ಆಶಾರಾಣಿ. ಅವಳ ಕಣ್ಣು ತುಂಬಿತ್ತು.

“ಹರಿಹರದಿಂದ ಬಂದು ನೋಡ್ತೀನಿ.”

ಮರುದಿನ ಚಪ್ಪಾಳೆ ಗಿಟ್ಟಿಸಿಕೊಂಡು ಸಂಜೆ ಮನೆಗೆ ಬಂದರೆ ನನ್ನ ಮೇಜು ಹಿತ್ತಲು ಸೇರಿತ್ತು. ಅರ್ಜಿಗೆ ತಾಯಿಯೇ ರುಜು ಹಾಕಿ ಕಾಲೇಜಿಗೆ ಕೊಟ್ಟು ಬಂದಿದ್ದಳು. ನಾನು ಕಂತಿನ ಮೇಲೆ ತರಿಸಿದ್ದ ಸೋಫಾ ಮಂಡಿಪೇಟೆಯ ಅಂಗಡಿಗೆ ವಾಪಸಾಗಿತ್ತು.

“ಏನಿದು ಅರಾಜಕತೆ?” ಎಂದು ಗುಡುಗಿದೆ.

“ಮಗಳ ತಲಿ ಮ್ಯಾಲಿನ ಹೊರೆ ಇಳಿಸೀನ್ರಿ. ನಿಮ್ಮ ಇಲಾಖೆನೂ ಮುಚ್ಚೀನಿ.”

“ಹಂಗಾದ್ರೆ ನಾನೇನು ಮಾಡ್ಲಿ?”

“ನೀವ ಹೇಳಿದ್ರಲ್ಲ? ಗಡಿ ಕಾಯ್ರಿ, ರಾತ್ರಿ ಗೇಟಿಗೆ ಬೀಗ ಹಾಕ್ರಿ. ರಸ್ತೆ ನಿಮ್ದು, ಅಂಗಳ ಗುಡಿಸ್ರಿ. ನಾನೂ ಆಶಾನೂ ಜಗಳಾಡಿದ್ರೆ ನ್ಯಾಯ ಹೇಳ್ರಿ.” (ಇಬ್ಬರೂ ಇದುವರೆಗೆ ಜಗಳವಾಡಿಲ್ಲ. ಆ ಹುದ್ದೆ ಅಲಂಕಾರಕ್ಕಷ್ಟೇ.)

ಮನೆ ಮುಳುಗುತ್ತದೆಂದು ಒಂದು ತಿಂಗಳು ಆಸೆಯಿಂದ ಕಾದೆ. ಮುಳುಗಲಿಲ್ಲ. ಮಗಳಿಗೆ ಸೀಟು ಸಿಕ್ಕಿತು. ಯಾರೂ ಹೇಳದೆಯೇ ಅವಳು ಬೆಳಿಗ್ಗೆ ಐದಕ್ಕೆ ಎದ್ದು ಓದತೊಡಗಿದಳು. ತಿಂಗಳ ಕೊನೆಯಲ್ಲಿ ಮೊದಲ ಬಾರಿಗೆ ನಾನು ಯಾರ ಬಳಿಯೂ ಕೈಗಡ ಕೇಳಲಿಲ್ಲ. ಪುಸ್ತಕಗಳಲ್ಲಿ ಓದಿ ನಾನು ಬರೀ ನಂಬಿದ್ದನ್ನು ಈ ಹೆಂಗಸು ಸೆರಗು ಸಿಕ್ಕಿಸಿಕೊಂಡು ಮಾಡಿ ತೋರಿಸಿದ್ದಳು. ಅಂಗಳ ಗುಡಿಸುತ್ತಲೇ ಮನಸ್ಸಿನಲ್ಲಿ ಕೈಮುಗಿದೆ.

ಆಗಸ್ಟ್‌ನಲ್ಲಿ ಕೊಟ್ಟೂರಪ್ಪನವರು ಇನ್ನೊಂದು ಉಪನ್ಯಾಸಕ್ಕೆ ಕರೆಯಲು ಮನೆಗೆ ಬಂದಾಗ ನನ್ನ ಕೈಯಲ್ಲಿ ಪೊರಕೆ ಇತ್ತು. ಮುಚ್ಚಿಡದೆ ಎಲ್ಲ ಹೇಳಿದೆ. ಅವರು ನನ್ನನ್ನು ದಾಟಿ ನೇರ ಒಳಗೆ ಹೋದರು.

“ಅಮ್ಮಾರೆ, ಈ ಸಲ ನೀವ ಬರ್ರಿ. ಮೇಷ್ಟ್ರು ಬರೇ ಹೇಳಿದ್ರು, ನೀವು ಮಾಡೀರಿ.”

ಹರಿಹರದ ವೇದಿಕೆಯಲ್ಲಿ ಕಸ್ತೂರಮ್ಮ ಮೈಕ್ ಹಿಡಿದಳು. “ಇರೋದ್ರಾಗೆ ಮನಿ ನಡಸ್ರಿ. ಕೆಲಸ ಗೊತ್ತಿರೋರ ಕೈ ಕಟ್ಟಬ್ಯಾಡ್ರಿ. ಅಷ್ಟ ರೀ,” ಎಂದು ಬಂದು ಕೂತಳು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ನಾನೇ.

ಕೊಟ್ಟೂರಪ್ಪನವರು ನನ್ನ ಕಿವಿಯ ಹತ್ತಿರ ಬಗ್ಗಿದರು.

“ತಪ್ಪು ತಿಳೀಬ್ಯಾಡ್ರಿ ಮೇಷ್ಟ್ರೆ. ಇದನ್ನ ಹೇಳಾಕೆ ನೀವು ಒಂದೂವರೆ ತಾಸು ಖರ್ಚು ಮಾಡಿದ್ರಿ. ನಿಮ್ದು ಖೋತಾ ಭಾಷಣ ನೋಡ್ರಿ!”