ತೊಗರ್ಸಿ ಬಾಗಿಲು ಮತ್ತು ಉಜ್ಜೋ ಮಷೀನು

ಮಹಾದೇವಮ್ಮ: ಬಿಡಂಗಿಲ್ಲ ಅಂದ್ರೆ ಬಿಡಂಗಿಲ್ಲ!

ಪರಮಶಿವಪ್ಪ: ಏ, ಕರೆಂಟಿನ ಪ್ಲಗ್ಗು ಮುಷ್ಟಿಯಾಗೆ ಹಿಡ್ಕೊಂಡು ಯಾರಾದ್ರೂ ಹಟ ಮಾಡ್ತಾರೇನೆ?

ಮಹಾದೇವಮ್ಮ: ಲುಂಗಿ ಉಟ್ಕೊಂಡು, ಶಲ್ಯ ಇಳಿಬಿಟ್ಕೊಂಡು, ಗರಗರ ತಿರುಗೋ ಮಷೀನು ಯಾರಾದ್ರೂ ಹಿಡೀತಾರೇನ್ರಿ?

ಶಿಕಾರಿಪುರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಪರಮಶಿವಪ್ಪನವರಿಗೆ ಅವತ್ತು ವಾರದ ರಜೆ. ಹಿತ್ತಲಲ್ಲಿ ಎರಡು ಬೆಂಚಿನ ಮೇಲೆ ಒಂದು ಸಾಗುವಾನಿ ಬಾಗಿಲು ಮಲಗಿತ್ತು. ಮಹಾದೇವಮ್ಮನ ತವರು ತೊಗರ್ಸಿ. ಅಲ್ಲಿ ಅಣ್ಣ ಮನೆಗೆ ಹೊಸ ಬಾಗಿಲು ಇಡಿಸಿದಾಗ, ಹಳೆಯದನ್ನು ಆಕೆ ದೇವರ ಕೋಣೆಗೆಂದು ತಂದಿದ್ದರು. ಅದರ ಮೇಲಿನ ಕಪ್ಪು ವಾರ್ನಿಶ್ ಉಜ್ಜಿ ತೆಗೆಯಲು ಸೊರಬದ ಬಡಗಿ ದೇವರಾಜ ಬರಬೇಕಿತ್ತು. ಬೇರೆ ಕೆಲಸ ಸಿಕ್ಕಿತೆಂದು ಅವನು ಬರಲಿಲ್ಲ. ಬಸ್ಸಿನ ಕಂಡಕ್ಟರನ ಕೈಯಲ್ಲಿ ಮಷೀನು, ಜೊತೆಗೊಂದು ಚೀಲ ಕಳಿಸಿದ್ದ. ಈಗ ಮಷೀನು ಗಂಡನ ಕೈಯಲ್ಲಿ, ಪ್ಲಗ್ಗು ಹೆಂಡತಿಯ ಕೈಯಲ್ಲಿ, ನಡುವೆ ಮೂರು ಮೀಟರ್ ವೈರು.

ಪರಮಶಿವಪ್ಪ: ಇದೇನು ಗರಗಸ ಅಲ್ಲ ಕಣೆ. ಬರೀ ಉಜ್ಜೋದು. ನೀನು ಪಾತ್ರೆ ಉಜ್ಜಲ್ವಾ, ಹಂಗೆ.

ಮಹಾದೇವಮ್ಮ: ನಾನು ಪಾತ್ರೆ ಉಜ್ಜೋವಾಗ ಪಾತ್ರೆ ನನ್ನ ಸೆರಗು ಎಳ್ಕೊಳ್ಳಲ್ಲ. ಹೋದ ವರ್ಷ ಗೋಡೆಗೆ ತೂತು ಹಾಕ್ತೀನಿ ಅಂತ ನೀರಿನ ಪೈಪಿಗೇ ಹಾಕಿದ್ರಿ. ಗೋಡೆ ಹೋದ್ರೆ ಕಟ್ಟಿಸ್ಬೋದು, ಬೆರಳು ಎಲ್ಲಿಂದ ತರ್ಲಿ? ಮೊದ್ಲು ದೇವರಾಜಂಗೆ ಫೋನ್ ಹಚ್ಚಿ ಕೇಳ್ರಿ. ನಾನು ಪ್ಯಾಂಟು ತರ್ತೀನಿ.

ಪ್ಲಗ್ಗನ್ನು ಬಾಗಿಲ ಮೇಲಿಟ್ಟು, ಕಣ್ಣಲ್ಲೇ ಎಚ್ಚರಿಕೆ ಕೊಟ್ಟು ಒಳಗೆ ಹೋದರು. ಮಗ ಕೊಟ್ರೇಶನ ಹಳೇ ಪ್ಯಾಂಟು ಹುಡುಕಿ ತರುವಷ್ಟರಲ್ಲಿ ಫೋನಿನ ಸ್ಪೀಕರಿನಲ್ಲಿ ದೇವರಾಜನ ದನಿ ಕೇಳುತ್ತಿತ್ತು.

ದೇವರಾಜ: …ಮೊದ್ಲು ಎಂಬತ್ತು. ಆಮೇಲೆ ನೂರಾ ಇಪ್ಪತ್ತು.

ಮಹಾದೇವಮ್ಮ: ಅಯ್ಯೋ, ಒಳ್ಳೇದಾಯ್ತು! ಬಿಪಿ ಸರಿಯಾಗೇ ಐತಲ್ಲ.

ದೇವರಾಜ: ಹದ ನೋಡ್ಕೊಂಡು ಕೊನೇಗೆ ಇನ್ನೂರಾ ಇಪ್ಪತ್ತಕ್ಕೆ ಹೋಗಿ ಮಾರಾಯ್ರೆ.

ಮಹಾದೇವಮ್ಮ: ಇನ್ನೂರಾ ಇಪ್ಪತ್ತಾ! ದೇವರಾಜಾ, ಇವ್ರು ನೂರಾ ಎಪ್ಪತ್ತಕ್ಕೇ ಅಂಗಡಿಯಾಗೆ ಬಿದ್ದಿದ್ರು!

ದೇವರಾಜ: ಎಂತದು ಬಿದ್ದಿದ್ದು? ಬಾಗಿಲಾ?

ಮಹಾದೇವಮ್ಮ: ಬಾಗಿಲಲ್ಲಪ್ಪ, ಯಜಮಾನ್ರು! ಎರಡು ವರ್ಷದಿಂದ ಉಪ್ಪು ಬಿಡಿಸೀನಿ.

ದೇವರಾಜ: ಉಪ್ಪುಕಾಗದ ಬಿಟ್ರೆ ಮಷೀನು ಎಂತ ಮಾಡುತ್ತೆ ಅಮ್ಮಾ? ಸುಮ್ನೆ ತಿರುಗುತ್ತೆ ಅಷ್ಟೇ.

ಮಹಾದೇವಮ್ಮ: ಕೇಳಿದ್ರಾ? ತಲೆ ತಿರುಗುತ್ತಂತೆ!

ಪರಮಶಿವಪ್ಪ: ಮಾದೇವಿ, ಅದು ಮರ ಉಜ್ಜೋ ಕಾಗದದ ನಂಬರು! ಎಂಬತ್ತು ಒರಟು, ಇನ್ನೂರಾ ಇಪ್ಪತ್ತು ನುಣುಪು. ನನ್ನ ಬಿಪಿ ಈಗ ನಿನ್ನಿಂದ ಏರ್ತಾ ಐತೆ!

ಮಹಾದೇವಮ್ಮ ಫೋನು ಕಸಿದುಕೊಂಡರು.

ಮಹಾದೇವಮ್ಮ: ದೇವರಾಜಾ, ನೀನು ನಂಗೆ ಹೇಳು. ಇವ್ರಿಗೆ ಹೇಳಿದ್ರೆ ಈ ಕಿವಿಯಾಗೆ ಹೋಗಿ ಆ ಕಿವಿಯಾಗೆ ಬರ್ತೈತಿ.

ದೇವರಾಜ: ಕಾಗದ ಬದಲಿಸೋವಾಗ ಸ್ವಿಚ್ ಆರಿಸಿದ್ರೆ ಸಾಲಲ್ಲ ಅಮ್ಮಾ, ಪ್ಲಗ್ಗೇ ಕೀಳಬೇಕು. ಎರಡೂ ಕೈಯಲ್ಲಿ ಹಿಡೀಬೇಕು. ಒತ್ತಬಾರ್ದು. ನಿಂತ ಮೇಲೇ ಕೆಳಗಿಡಬೇಕು.

ಮಹಾದೇವಮ್ಮ: ಯಾರು ನಿಂತ ಮೇಲೆ? ಇವ್ರು ನಿಂತೇ ಅದಾರೆ.

ದೇವರಾಜ: ಮಷೀನು ನಿಂತ ಮೇಲೆ! ವೈರು ಹೆಗಲ ಮೇಲೆ ಹಿಂದಕ್ಕೆ ಹಾಕ್ಕೊಳ್ಳಿ. ಮತ್ತೆ ಕನ್ನಡಕ, ಮಾಸ್ಕು. ಚೀಲದಲ್ಲೇ ಕಳ್ಸಿದ್ದೆನಲ್ಲ?

ಪರಮಶಿವಪ್ಪನವರು ಚೀಲದ ಕಡೆ ನೋಡಲಿಲ್ಲ. ಚೀಲದ ಬಾಯಿ ಇನ್ನೂ ಬಿಚ್ಚಿರಲಿಲ್ಲ.

ಪರಮಶಿವಪ್ಪ: ನಂಗೆ ಕನ್ನಡಕ ಐತಲ್ಲ.

ಮಹಾದೇವಮ್ಮ: ಅದು ಪೇಪರ್ ಓದೋದು. ದೂಳು ಪಕ್ಕದಿಂದ ಒಳಗೆ ಬರ್ತೈತಿ. ಶಲ್ಯ ತೆಗೀರಿ. ಕೊರಳಾಗಿನ ಲಿಂಗದ ದಾರ ಬನಿಯನ್ ಒಳಗೆ ಹಾಕ್ರಿ. ಉಂಗುರ ಕೊಡ್ರಿ. ಗಡಿಯಾರ ಬಿಚ್ರಿ.

ಪರಮಶಿವಪ್ಪ: ಮಷೀನು ಹಿಡಿಯೋಕೆ ಹೊಂಟೀನಾ, ಆಪರೇಷನ್ನಿಗೆ ಹೊಂಟೀನಾ?

ಮಹಾದೇವಮ್ಮ: ಇದು ಮಾಡಿದ್ರೆ ಅದು ತಪ್ತೈತಿ.

ಹತ್ತು ನಿಮಿಷದ ಮೇಲೆ ಹಿತ್ತಲಲ್ಲಿ ನಿಂತಿದ್ದವರನ್ನು ಅಂಗಡಿಯ ಗಿರಾಕಿಗಳು ಯಾರೂ ಗುರುತು ಹಿಡಿಯುತ್ತಿರಲಿಲ್ಲ. ಕಣ್ಣಿಗೆ ದಪ್ಪ ಕನ್ನಡಕ, ಮೂಗಿಗೆ ಬಿಗಿಯಾದ ಮಾಸ್ಕು, ಸೊಂಟಕ್ಕೆ ಕೊಟ್ರೇಶನ ಪ್ಯಾಂಟು, ಅದರಿಂದ ಹೊರಗುಳಿದ ಹೊಟ್ಟೆ. ಮಷೀನು ಗುಂಯ್ ಎಂದಿತು.

ಮಹಾದೇವಮ್ಮ: ಒತ್ತಬ್ಯಾಡ್ರಿ!

ಪರಮಶಿವಪ್ಪ: ಹಾಂ? ರೊಟ್ಟೀನಾ? ಆಮೇಲೆ ತಿಂತೀನಿ!

ಮಹಾದೇವಮ್ಮ: ಹಗೂರಕ್ಕೆ!

ಪರಮಶಿವಪ್ಪ: ಹಾಗಲಕಾಯಿನಾ? ಅದು ಬ್ಯಾಡವೇ ಬ್ಯಾಡ!

ಹೇಗೋ, ಕೆಲಸ ಚೆನ್ನಾಗಿಯೇ ನಡೆಯಿತು. ಕಪ್ಪು ಸರಿದು ಜೇನಿನ ಬಣ್ಣದ ಮರ ಕಂಡಾಗ ಮಹಾದೇವಮ್ಮನ ಕಣ್ಣು ತುಂಬಿತು. ದೂಳು ಎಂದು ಒರೆಸಿಕೊಂಡರು. ಬಾಗಿಲ ಒಳಮೈಯ ಕೆಳಮೂಲೆಗೆ ಬಂದಾಗ ಪರಮಶಿವಪ್ಪ ಸ್ವಿಚ್ ಆರಿಸಿದರು. ತಿರುಗುವುದು ನಿಲ್ಲುವ ತನಕ ಕಾದರು. ಪ್ಲಗ್ಗು ಕಿತ್ತರು. ಹೆಂಡತಿಯ ಎದೆ ಹೆಮ್ಮೆಯಿಂದ ಉಬ್ಬಿತು.

ಪರಮಶಿವಪ್ಪ: ಮಾದೇವಿ, ಇಲ್ಲಿ ಏನೋ ಕೊರ್ದಾರೆ. ಕೊರೆದಿದ್ರಾಗೆ ವಾರ್ನಿಶ್ ಕೂತು ಅಕ್ಷರ ಕಪ್ಪಗೆ ಉಳ್ಕೊಂಡಾವೆ. ಗಂ… ಡು…

ಮಹಾದೇವಮ್ಮ: ಗೀರು ಇರ್ಬೇಕು. ಉಜ್ರಿ, ಉಜ್ರಿ.

ಪರಮಶಿವಪ್ಪ: 'ಗಂಡು ಪೆದ್ದ.'

ಮಹಾದೇವಮ್ಮ ಸೆರಗಿನಿಂದ ಆ ಮೂಲೆ ಮುಚ್ಚಿದರು.

ಪರಮಶಿವಪ್ಪ: ಯಾರು ಬರೆದಿದ್ದು?

ಮಹಾದೇವಮ್ಮ: ನಮ್ಮಣ್ಣ ಇರ್ಬೇಕು.

ಪರಮಶಿವಪ್ಪ: ದ ಒತ್ತಿನ ಬಾಲ ಹಿಂಗೆ ಸುತ್ತಿ ಎಳೆಯೋರು ಒಬ್ರೇ. ಮೂವತ್ತು ವರ್ಷದಿಂದ ಸಂತೆ ಚೀಟಿಯಾಗೆ ನೋಡ್ತಿದೀನಿ.

ಮಹಾದೇವಮ್ಮ: ಮತ್ತೇನ್ರಿ? ಹೆಣ್ಣು ನೋಡಕ್ಕೆ ಬಂದೋರು ನನ್ನ ಹೆಸರು ಕೇಳ್ಲಿಲ್ಲ. ನಮ್ಮ ಎಮ್ಮೆ ಎಷ್ಟು ಲೀಟರ್ ಹಾಲು ಕೊಡ್ತೈತಿ ಅಂತ ಕೇಳಿದ್ರಿ! ಬಾಗಿಲ ಹಿಂದೆ ಕೂತಿದ್ದೆ. ಹೇರ್‌ಪಿನ್ ಕೈಯಾಗಿತ್ತು.

ಪರಮಶಿವಪ್ಪ: ನಾಚ್ಕೆಗೆ ಬಾಯಿಗೆ ಬಂದಿದ್ದು ಕೇಳ್ದೆ.

ಮಹಾದೇವಮ್ಮ: ಆಯ್ತು, ಈಗ ಅಳಿಸ್ರಿ. ತಗಳ್ರಿ, ನಾನೇ ಪ್ಲಗ್ಗು ಹಾಕ್ತೀನಿ.

ಪರಮಶಿವಪ್ಪ: ಊಹೂಂ. ಇಷ್ಟು ಆಳ ಕೊರೆದಿದ್ದು ಹೋಗ್ಬೇಕಂದ್ರೆ ಒತ್ತಬೇಕು. ಒತ್ತಬಾರ್ದು ಅಂತ ದೇವರಾಜ ನಿಂಗೇ ಹೇಳ್ಯಾನೆ.

ಮಹಾದೇವಮ್ಮ: ದೇವರ ಕೋಣೆ ಬಾಗಿಲು ಕಣ್ರೀ! ಬಂದೋರೆಲ್ಲ ಓದ್ತಾರೆ!

ಪರಮಶಿವಪ್ಪ ಮಾಸ್ಕು ಇಳಿಸಿದರು. ಮೂಗಿನ ಸುತ್ತ ಬೆಳ್ಳಗೆ, ಉಳಿದ ಮುಖವೆಲ್ಲ ಕಂದು ದೂಳು.

ಪರಮಶಿವಪ್ಪ: ಓದ್ಲಿ ಬಿಡು. ಅದಿರ್ಲಿ, ಈಗ್ಲೂ ನಿಂಗೆ ಹಂಗೇ ಅನ್ಸುತ್ತೇನೆ?

ಮಹಾದೇವಮ್ಮ: ಛೆ, ಆಗಿನ್ನೂ ನಾನು ಚಿಕ್ಕೋಳು. ಏನೂ ತಿಳೀತಿರ್ಲಿಲ್ಲ.

ದೂಳಿನ ಮುಖ ಅರಳಿತು.

ಮಹಾದೇವಮ್ಮ: ಈಗಾಗಿದ್ರೆ ಇಷ್ಟು ಸಣ್ಣ ಅಕ್ಷರದಾಗೆ ಬರೀತಿರ್ಲಿಲ್ಲ.