ಹಾರು ಎಂದರೆ ಪಾರು

ಕುದುರೆಯನ್ನು ಆರಿಸುವುದಕ್ಕೂ ಅಳಿಯನನ್ನು ಆರಿಸುವುದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ ಎಂಬುದು ನನ್ನ ಅಭಿಪ್ರಾಯ. ಎರಡರಲ್ಲೂ ವಂಶ ಯಾವುದೆಂದು ವಿಚಾರಿಸುತ್ತಾರೆ, ಹಲ್ಲು ಕಾಲು ನೆಟ್ಟಗಿವೆಯೇ ಎಂದು ನೋಡುತ್ತಾರೆ, ಹಿಂದೆಲ್ಲಾದರೂ ಮುಗ್ಗರಿಸಿದ್ದುಂಟೇ ಎಂದು ನಾಲ್ಕು ಜನರನ್ನು ಕೇಳುತ್ತಾರೆ. ಇಷ್ಟೆಲ್ಲ ಆದ ಮೇಲೂ ಅದು ಮೊದಲನೆಯ ಬೇಲಿಯಲ್ಲೇ ಮಕಾಡೆ ಬೀಳುವುದು ತಪ್ಪುವುದಿಲ್ಲ. ನನ್ನ ಮಾವನವರು ಹೀಗೆಯೇ ಎಲ್ಲ ವಿಚಾರಿಸಿ ನನ್ನನ್ನು ಆರಿಸಿದರು. ನಾನು ಇನ್ನೂ ಓಡುತ್ತಿದ್ದೇನೆ. ಯಾವ ಸ್ಥಾನದಲ್ಲಿದ್ದೇನೆ ಎಂದು ಮಾತ್ರ ನನ್ನ ಹೆಂಡತಿ ಸುಮತಿ ಇವತ್ತಿನವರೆಗೂ ಬಾಯಿಬಿಟ್ಟಿಲ್ಲ.

ಹಾಗೆ ನೋಡಿದರೆ ನನಗೂ ಕುದುರೆಗೂ ಸಂಬಂಧವೇ ಇರಲಿಲ್ಲ. ನಾನು ವಿಮಾ ಕಚೇರಿಯ ಮನುಷ್ಯ. ಒಮ್ಮೆ ಮರೀನಾ ಬೀಚಿನಲ್ಲಿ ಮಗಳ ಒತ್ತಾಯಕ್ಕೆ ಒಂದು ಬಡಕಲು ಕುದುರೆಯ ಮೇಲೆ ಕೂತಿದ್ದೆ. ಅದು ಹತ್ತು ಹೆಜ್ಜೆ ನಡೆದು, ಕಡಲೆ ಉಸಲಿಯ ಸುಂಡಲ್ ಮಾರುವವನ ಮುಂದೆ ನಿಂತು, ನಾನು ಏನಾದರೂ ಕೊಡಿಸುತ್ತೇನೆಯೇ ಎಂದು ಹಿಂದಕ್ಕೆ ತಿರುಗಿ ನೋಡಿತು. ಕುದುರೆಗಳ ಬಗ್ಗೆ ನನ್ನ ಜ್ಞಾನ ಅಷ್ಟೇ. ಆದರೆ ಮದರಾಸಿನ ವೆಸ್ಟ್ ಮಾಂಬಲಂನ ನಮ್ಮ ಫ್ಲ್ಯಾಟಿನ ಮೇಲಿನ ಮಹಡಿಯಲ್ಲಿ ವರದನ್ ಎಂಬವರಿದ್ದಾರೆ, ರೈಲ್ವೆಯಿಂದ ನಿವೃತ್ತರಾದವರು. ರೈಲುಗಳು ಸಮಯಕ್ಕೆ ಸರಿಯಾಗಿ ಓಡದ ಬೇಸರಕ್ಕೋ ಏನೋ, ಅವರು ಜೀವಮಾನವಿಡೀ ಕುದುರೆಗಳನ್ನು ನಂಬಿದರು. ಇಂಗ್ಲೆಂಡಿನಲ್ಲಿ ಪ್ರತಿ ವರ್ಷ ಏಪ್ರಿಲ್ ತಿಂಗಳಲ್ಲಿ ಒಂದು ದೊಡ್ಡ ಪಂದ್ಯ ನಡೆಯುತ್ತದಂತೆ. ಆ ಕುದುರೆಗಳು ಬರೀ ಓಡಿದರೆ ಸಾಲದು, ಆಳೆತ್ತರದ ಬೇಲಿಗಳನ್ನೂ ಹಾರಬೇಕು. ಅದನ್ನು ಟೀವಿಯಲ್ಲಿ ನೋಡಲು ಈ ಸಲ ಅವರು ನಮ್ಮನ್ನೆಲ್ಲ ಕರೆದರು. ದುಡ್ಡು ಕಟ್ಟುವುದು ಸುಮತಿಯ ರಾಜ್ಯದಲ್ಲಿ ನಿಷಿದ್ಧ. ಆದ್ದರಿಂದ ನಾನು ದುಡ್ಡಿಗಿಂತ ದೊಡ್ಡದನ್ನೇ ಪಣಕ್ಕಿಟ್ಟೆ.

ಅದೇನೆಂದು ಹೇಳುವ ಮೊದಲು ನನ್ನ ಮಗಳು ಮೇದಿನಿಯ ವಿಷಯ ಹೇಳಬೇಕು. ಎಂಟನೆಯ ಕ್ಲಾಸು. ನಮ್ಮದು ಕುಂದಾಪುರದ ಕಡೆಯ ಮನೆತನ. ಮನೆಯಲ್ಲಿ ನಾನೂ ಸುಮತಿಯೂ ಆಡುವುದು ಅಪ್ಪಟ ಕನ್ನಡ. ಅದೆಲ್ಲವೂ ಮಗಳಿಗೆ ಅರ್ಥವಾಗುತ್ತದೆ. ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ. "ಊಟ ಆಯ್ತಾ?" ಎಂದರೆ "ಆಚ್ಚು" ಎನ್ನುತ್ತಾಳೆ. "ಎಲ್ಲಿಗೆ ಹೊರಟೆ?" ಎಂದರೆ "ಇಂಗ ತಾಂಪಾ" ಎನ್ನುತ್ತಾಳೆ, ಇಲ್ಲೇ ಅಪ್ಪಾ ಎಂದು. ಅವಳು ನಗುವುದು, ಅಳುವುದು, ಸಿಟ್ಟು ಮಾಡುವುದು ಎಲ್ಲವೂ ಆ ಭಾಷೆಯಲ್ಲೇ. ನಗೆಯಾಡಿ ಹೇಳುತ್ತಿದ್ದೇನೆ ನಿಜ, ಆದರೆ ಒಳಗೆ ಇದು ನನಗೆ ನೋವೇ. ಹೆತ್ತ ಮಗಳ ಬೈಗುಳ ಕೂಡ ನನಗೆ ಅರ್ಧಂಬರ್ಧ ತಿಳಿಯುತ್ತದೆ ಎಂದರೆ ಅಪ್ಪನಾಗಿದ್ದು ಯಾಕೆ?

ಯಾಕೆಂದರೆ ನನ್ನ ತಮಿಳು ಹಾಗಿದೆ. ಈ ಊರಿಗೆ ಬಂದ ಹೊಸದರಲ್ಲಿ ನಾನೊಂದು ಮಹಾ ಸೂತ್ರವನ್ನು ಕಂಡುಹಿಡಿದೆ. ಹಾಲು ಎಂದರೆ ಪಾಲ್, ಹೂ ಎಂದರೆ ಪೂ, ಹುಲಿ ಎಂದರೆ ಪುಲಿ. ಅಂದರೆ ಕನ್ನಡದ ಹಕಾರವನ್ನು ಪಕಾರ ಮಾಡಿ, ಮರ್ಯಾದೆಗೆ ಕೊನೆಯಲ್ಲೊಂದು 'ಂಗ' ಅಂಟಿಸಿದರೆ ತಮಿಳು ತಯಾರು. ಹೀಗೆ ಒಂದು ಭಾಷೆಯನ್ನು ಒಂದೇ ಮಧ್ಯಾಹ್ನದಲ್ಲಿ ಕಲಿತು ಮುಗಿಸಿದವನು ನಾನು. ಕೆಲಸದವಳಿಗೆ "ಪೊರಗೆ ಗುಡಿಸುಂಗ" ಎಂದರೆ ಅವಳು ದಿಗಿಲುಬಿದ್ದು ಸುಮತಿಯನ್ನು ಕರೆಯುತ್ತಾಳೆ. ಸುಮತಿ ಬಂದು ಶುದ್ಧ ತಮಿಳಿನಲ್ಲಿ ವಿವರಿಸಿ, ನನ್ನ ಕಡೆ ತಿರುಗಿ, "ನೀವು ಬಾಯಿ ಮುಚ್ಕೊಂಡು ಕೂತ್ಕೊಳ್ಳಿ ಮಾರಾಯ್ರೆ" ಎನ್ನುತ್ತಾಳೆ. ಅಂಗಡಿ, ಬ್ಯಾಂಕು, ಮಗಳ ಶಾಲೆ, ಇಲ್ಲೆಲ್ಲ ನಾನು ಇಂಗ್ಲಿಷಿನ ಮರೆಯಲ್ಲೇ ಬದುಕಿದ್ದೇನೆ.

ಪಣದ ಒಪ್ಪಂದ ಹೀಗಾಯಿತು. ಮೇದಿನಿಯೂ ನಾನೂ ಒಂದೊಂದು ಕುದುರೆ ಆರಿಸುವುದು. ನನ್ನ ಕುದುರೆ ಮುಂದೆ ಬಂದರೆ ಬೇಸಿಗೆ ರಜೆಯುದ್ದಕ್ಕೂ ಅವಳು ನನ್ನ ಜೊತೆ ಕನ್ನಡದಲ್ಲೇ ಮಾತಾಡಬೇಕು. ಅವಳದು ಬಂದರೆ? ಅವಳು ಕ್ಷಣವೂ ಯೋಚಿಸಲಿಲ್ಲ. "ಪೇರೆಂಟ್ಸ್ ಮೀಟಿಂಗ್‌ಲ ನೀಂಗ ತಮಿಳ್ ಮಟ್ಟುಂ ತಾನ್ ಪೇಸಣುಂ. ಒರು ಇಂಗ್ಲಿಷ್ ವಾರ್ತೈ ಕೂಡಾದು" ಎಂದಳು. ಬರೀ ತಮಿಳು, ಒಂದು ಇಂಗ್ಲಿಷ್ ಪದವೂ ಇಲ್ಲದೆ, ಅವಳ ಕ್ಲಾಸ್ ಟೀಚರ ಎದುರು! ನನಗೆ ಬೆವರು ಬಂತು. ಮದರಾಸಿನಲ್ಲಿ ಅದು ಹೇಗೂ ಬರುತ್ತದೆ ಎಂದು ಒಪ್ಪಿಕೊಂಡೆ.

ಇನ್ನು ಕುದುರೆಯ ಆಯ್ಕೆ. ವರದನ್ ಅವರು ಎರಡು ದಿನ ಕನ್ನಡಕ ಏರಿಸಿಕೊಂಡು, ಯಾವ ಕುದುರೆಯ ಅಜ್ಜ ಯಾವ ಕೆಸರಿನಲ್ಲಿ ಓಡಿತ್ತು ಎಂದೆಲ್ಲ ನನಗೆ ಬೋಧಿಸಿದರು. ನನ್ನ ತಲೆಯಲ್ಲಿ ಉಳಿದದ್ದು ಕೆಸರು ಮಾತ್ರ. ನಿಜವಾದ ಜ್ಞಾನೋದಯವಾದದ್ದು ಶನಿವಾರ ಬೆಳಿಗ್ಗೆ, ಹಾಸಿಗೆಯಲ್ಲಿ. ಯಾವ ನಂಬರು, ಯಾವ ನಂಬರು ಎಂದು ಕಣ್ಣುಮುಚ್ಚಿ ಧ್ಯಾನಿಸುತ್ತಿದ್ದಾಗ ಅಡುಗೆಮನೆಯಿಂದ ದೇವವಾಣಿಯಂತೆ ಕೇಳಿಸಿತು: "ಏಳು! ಏಳು! ಎಷ್ಟು ಸಲ ಹೇಳ್ಬೇಕು, ಏಳು!" ನಾನು ಎದ್ದು ಕೂತೆ. ಮೂರು ಸಲ ಏಳು! ಪಟ್ಟಿ ತೆಗೆದು ನೋಡಿದರೆ ಏಳನೆಯ ಕುದುರೆಯ ಹೆಸರು ಗ್ರ್ಯಾನೀಸ್ ಅಂಬ್ರೆಲ್ಲಾ, ಅಂದರೆ ಅಜ್ಜಿಯ ಕೊಡೆ. ವರದನ್ ತಲೆ ಚಚ್ಚಿಕೊಂಡರು. ಸುಮತಿಯಂತೂ, "ಅಯ್ಯೋ ದೇವ್ರೇ, ನಾ ಎಬ್ಬಿಸ್ತಾ ಇದ್ದದ್ದು ಮಗಳನ್ನ. ನಿಮ್ಗಾದ್ರೆ ಏಳಿ ಅಂತಿದ್ದೆ" ಎಂದಳು. ಏಳಕ್ಕೆ ಬಹುವಚನದ ನಂಬರು ಪಟ್ಟಿಯಲ್ಲಿ ಇರಲಿಲ್ಲವಾದ್ದರಿಂದ ನಾನು ಏಳಕ್ಕೇ ಅಂಟಿಕೊಂಡೆ.

ಮೇದಿನಿ ಯಾವ ಶಾಸ್ತ್ರವನ್ನೂ ನೋಡಲಿಲ್ಲ. ಟೀವಿಯಲ್ಲಿ ಕುದುರೆಗಳು ಸಾಲಾಗಿ ಬರುತ್ತಿದ್ದಂತೆ ಹಳದಿ ಅಂಗಿಯ ಸವಾರನೊಬ್ಬನನ್ನು ಕಂಡು "ಅದು ತಾನ್ ಎನ್ನೋಡದು", ಅದೇ ನನ್ನದು ಎಂದುಬಿಟ್ಟಳು. ಈ ಊರಿನ ಮಕ್ಕಳಿಗೆ ಕ್ರಿಕೆಟ್ಟಿನ ದೆಸೆಯಿಂದ ಹಳದಿ ಅಂಗಿ ಕಂಡರೆ ಮುಗಿಯಿತು, ಅದನ್ನು ತೊಟ್ಟವನು ಬ್ಯಾಟು ಹಿಡಿದಿದ್ದರೇನು, ಲಗಾಮು ಹಿಡಿದಿದ್ದರೇನು.

ಪಂದ್ಯ ಶುರುವಾಯಿತು. ನನ್ನ ಅಜ್ಜಿಯ ಕೊಡೆ ನಿಜಕ್ಕೂ ಚೆನ್ನಾಗಿಯೇ ಓಡಿತು. ಬೇಲಿಯ ಮೇಲೆ ಬೇಲಿ ದಾಟಿತು. ಒಂದು ಹಂತದಲ್ಲಿ ಮೇದಿನಿಯ ಹಳದಿ ಅಂಗಿಗಿಂತ ಮುಂದೆಯೇ ಇತ್ತು. ನನಗೆ ಎದೆ ತುಂಬಿ ಬಂತು. ರಜೆಯಲ್ಲಿ ಮಗಳೊಂದಿಗೆ ಬಾಲ್ಕನಿಯಲ್ಲಿ ಕೂತು ಕನ್ನಡದಲ್ಲಿ ಹರಟುವುದು ಕಣ್ಣಿಗೆ ಕಟ್ಟಿತು. ಎದುರಿಗೆ ಇನ್ನೊಂದು ದೊಡ್ಡ ಬೇಲಿ. ಹಾರು, ಹಾರು ಎಂದು ಕೂಗಲು ಬಾಯಿ ತೆರೆದೆ. ಆದರೆ ಕೂತದ್ದು ವರದನ್ ಅವರ ಮನೆಯಲ್ಲಿ, ತಮಿಳರ ಸೋಫಾದ ಮೇಲೆ. ಸೌಜನ್ಯಕ್ಕೆಂದು ನನ್ನ ಸೂತ್ರ ತಾನಾಗಿಯೇ ಕೆಲಸ ಮಾಡಿತು. "ಪಾರು! ಪಾರು!" ಎಂದು ಅರಚಿದೆ.

ತಮಿಳಿನಲ್ಲಿ ಪಾರು ಎಂದರೆ ನೋಡು. ವರದನ್ ಬೆಚ್ಚಿ ಎದ್ದು, "ಎಂಗ ಸಾರ್ ಪಾಕ್ಕಣುಂ?", ಎಲ್ಲಿ ನೋಡಬೇಕು ಎನ್ನುತ್ತಾ ಸೋಫಾದ ಕೆಳಗೆ ನೋಡಿದರು. ಅವರು ನೋಡಿದ್ದು ಹೋಗಲಿ, ಕುದುರೆಯೂ ನೋಡಿತು. ದೇವರಾಣೆ, ಆ ಇಂಗ್ಲಿಷ್ ಪ್ರಾಣಿಗೆ ತಮಿಳು ಎಲ್ಲಿಂದ ಬಂತೋ, ಓಡಿ ಬಂದದ್ದು ಬೇಲಿಯ ಮುಂದೆ ಗಕ್ಕನೆ ನಿಂತು, ಕತ್ತು ನೀಡಿ, ಅದನ್ನು ಎಡದಿಂದ ಬಲಕ್ಕೆ ಸಾವಧಾನವಾಗಿ ನೋಡಿತು. ಸವಾರನೊಬ್ಬನೇ ಹಾರಿ ಆಚೆ ಬದಿಯ ಹುಲ್ಲಿನ ಮೇಲೆ ಬಿದ್ದ. ಎದ್ದು ಚಡ್ಡಿ ಕೊಡವಿಕೊಂಡ, ಪುಣ್ಯಾತ್ಮನಿಗೆ ಏನೂ ಆಗಿರಲಿಲ್ಲ. ಹಳದಿ ಅಂಗಿ ಗೆಲ್ಲಲಿಲ್ಲ; ಆದರೆ ಕೊನೆಯವರೆಗೆ ಓಡಿತು. ಮೇದಿನಿ ಸೋಫಾದ ಮೇಲೆ ಕುಣಿದಳು, ತಮಿಳಿನಲ್ಲೇ.

ಪೇರೆಂಟ್ಸ್ ಮೀಟಿಂಗಿನ ದಿನ ಅವಳು ನನ್ನನ್ನು ಮೆರವಣಿಗೆಯ ಆನೆಯಂತೆ ಕರೆದುಕೊಂಡು ಹೋದಳು. ಹೊಸ ಕ್ಲಾಸ್ ಟೀಚರು, ಸೌಮ್ಯ ಮುಖದ ಹೆಂಗಸು, ಎದುರಿಗೆ ಕೂತು, ಮನೆಯಲ್ಲಿ ಹುಡುಗಿ ಹೇಗೆ ಎಂದು ತಮಿಳಿನಲ್ಲಿ ಕೇಳಿದರು. ಮಗಳು ಹೋಂವರ್ಕನ್ನು ಚೆನ್ನಾಗಿ ಮಾಡುತ್ತಾಳೆ ಎನ್ನಬೇಕಾಗಿತ್ತು. ಹೋಂವರ್ಕ್ ಎಂಬುದು ಇಂಗ್ಲಿಷ್. ಒಪ್ಪಂದದ ಪ್ರಕಾರ ನಿಷಿದ್ಧ. ಕೂಡಲೇ ತಿದ್ದಿಕೊಂಡು, "ಎಂಗ ಪೊಣ್ಣು ನಲ್ಲ ಪೋಂವರ್ಕ್ ಮಾಡುಂಗ" ಎಂದೆ. ತಮಿಳಿನಲ್ಲಿ ಮಾಡು ಎಂದರೆ ದನ ಎಂಬುದು ಅಕ್ಕಪಕ್ಕದ ತಾಯಂದಿರು ಬಾಯಿಗೆ ಸೆರಗು ಒತ್ತಿಕೊಂಡಾಗಲೇ ನೆನಪಾದದ್ದು.

ಆಗ ನನ್ನ ತೊಡೆಗೆ ಒಂದು ಚಿವುಟು ಬಿತ್ತು. ಮೇದಿನಿ ಕೆಂಪಾಗಿದ್ದಳು. ಯಾರಿಗೂ ತಿಳಿಯಬಾರದೆಂದು ನನ್ನ ಕಿವಿಯ ಹತ್ತಿರ ಬಾಗಿ, "ಅಪ್ಪಾ, ದಮ್ಮಯ್ಯ, ಎಂತ ಮರ್ಯಾದೆ ತೆಗೀತೀರಿ! ಬಾಯಿ ಮುಚ್ಕೊಂಡು ಕೂತ್ಕೊಳ್ಳಿ ಮಾರಾಯ್ರೆ!" ಎಂದಳು. ಅಚ್ಚ ಕನ್ನಡ! ಥೇಟ್ ಅವಳಮ್ಮನ ರಾಗ! ನನ್ನ ಮಗಳಿಗೆ ಕನ್ನಡ ಬರುತ್ತಿತ್ತು, ನನ್ನನ್ನು ಬೈಯಲು ಎಷ್ಟು ಬೇಕೋ ಅಷ್ಟು. ದಿನವೂ ಮನೆಯಲ್ಲಿ ಆ ಪಾಠವೊಂದೇ ತಾನೇ ನಡೆಯುವುದು. ನನಗಾದ ಸಂತೋಷವನ್ನು ಹೇಗೆ ಹೇಳಲಿ, ಇನ್ನೆರಡು ಬೈಯಲಿ ಎನಿಸಿತು.

ಅಷ್ಟರಲ್ಲಿ ಟೀಚರು ನಕ್ಕರು. "ಇರ್ಲಿ ಬಿಡಮ್ಮ, ಅಪ್ಪ ಮಾತಾಡ್ಲಿ. ನಮ್ಮನೇಲೂ ಕನ್ನಡವೇ, ನಾವು ಹೊಸೂರು ಕಡೆಯವ್ರು. ಹೇಳಿ ಸಾರ್, ಕನ್ನಡದಲ್ಲೇ ಹೇಳಿ" ಎಂದರು.

ಇನ್ನೇನು ಬೇಕು? ಸೂತ್ರ ಬೇಡ, ಒಪ್ಪಂದ ಬೇಡ, ಸಲೀಸಾದ ಮೈದಾನ. ನಾನು ಮಾತ್ರ ಕತ್ತು ನೀಡಿಕೊಂಡು, ಅವರ ಮುಖವನ್ನು ಎಡದಿಂದ ಬಲಕ್ಕೆ ನೋಡುತ್ತಾ ಕೂತುಬಿಟ್ಟೆ. ಮೇದಿನಿ ಮೊಣಕೈಯಿಂದ ತಿವಿದು, "ಹಾರಿ ಅಪ್ಪಾ, ಹಾರಿ!" ಎಂದಳು.

ಹಾರಿದೆ. ಕೈ ಮುಗಿದು, "ರೊಂಬ ಸಂತೋಷಂಗ" ಎಂದೆ.